ನಡುವಿನ ಮೆಟ್ಟಿಲಿಗೆ ತೆತ್ತ ಬೆಲೆ: ಕ್ರೆಟಾ ಎಸ್‌ಎಕ್ಸ್ ಡೀಸೆಲ್, ಐದು ವರ್ಷಗಳ ಬಳಕೆಯ ನಂತರ

2020ರ ಕೊನೆಯಲ್ಲಿ ಮನೆಗೆ ಬಂದ ನಮ್ಮ ಹ್ಯುಂಡೈ ಕ್ರೆಟಾ ಎಸ್‌ಎಕ್ಸ್, 1.5 ಲೀಟರ್ ಡೀಸೆಲ್, ಮ್ಯಾನುಯಲ್ ಗೇರಿನ ಗಾಡಿ ಈಗ 86 ಸಾವಿರ ಕಿಲೋಮೀಟರ್ ದಾಟಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಂದಿರುವುದು ಒಂದೇ ದಾರಿಗೆ. ಮೈಸೂರಿನಿಂದ ಹೊರಟು ಹುಣಸೂರು, ಕುಶಾಲನಗರ, ಮಡಿಕೇರಿ ಹಾದು, ಸಂಪಾಜೆ ಘಾಟಿ ಇಳಿದು ಸುಳ್ಯದ ತೋಟದ ಮನೆ ಸೇರುವ, ಸುಮಾರು 170 ಕಿಲೋಮೀಟರಿನ ದಾರಿ ಅದು. 115 ಅಶ್ವಶಕ್ತಿಯ ಎಂಜಿನ್ ಐದು ಜನ ಮತ್ತು ಒಂದು ಮೂಟೆ ತೆಂಗಿನಕಾಯಿ ಹೊತ್ತು ಘಾಟಿ ಏರುವಾಗಲೂ ಬಳಲುವುದಿಲ್ಲ. ಲೀಟರಿಗೆ 17ರಿಂದ 18 ಕಿಲೋಮೀಟರ್ ಕೊಡುತ್ತದೆ. ಎಂಜಿನ್ ಕುರಿತು ನಾನು ಹೇಳಬೇಕಾದದ್ದು ಅಷ್ಟೇ. ಐದು ವರ್ಷಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕಾಡಿದ್ದು ಬೇರೆಯದೇ ಪ್ರಶ್ನೆ: ಗಾಡಿಯನ್ನು ಸರಿಯಾಗಿ ಆರಿಸಿಕೊಂಡವನು ವೇರಿಯಂಟ್, ಅಂದರೆ ಒಂದೇ ಗಾಡಿ ಬೇರೆ ಬೇರೆ ಸೌಲಭ್ಯ ಮತ್ತು ಬೆಲೆಯಲ್ಲಿ ಸಿಗುವ ಬಗೆಗಳಲ್ಲಿ ಒಂದನ್ನು, ಆರಿಸುವಾಗ ಹೇಗೆ ಎಡವಿದೆ ಎಂಬುದು.

ಈ ತಲೆಮಾರಿನ ಕ್ರೆಟಾ 2020ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದಾಗ ಡೀಸೆಲ್ ಮ್ಯಾನುಯಲ್ಲಿನಲ್ಲಿ ಐದು ಮೆಟ್ಟಿಲುಗಳಿದ್ದವು. ನೋಂದಣಿಯ ತೆರಿಗೆ, ವಿಮೆ ಸೇರದ ಎಕ್ಸ್‌ಶೋರೂಮ್ ಬೆಲೆಯಲ್ಲಿ ಇ ವೇರಿಯಂಟಿಗೆ 9.99 ಲಕ್ಷ, ಇಎಕ್ಸ್‌ಗೆ 11.49 ಲಕ್ಷ, ಎಸ್‌ಗೆ 12.77 ಲಕ್ಷ, ಎಸ್‌ಎಕ್ಸ್‌ಗೆ 14.51 ಲಕ್ಷ ಮತ್ತು ಎಸ್‌ಎಕ್ಸ್ (ಒ)ಗೆ 15.79 ಲಕ್ಷ ರೂಪಾಯಿ. ನಾನು ಆರಿಸಿದ ಬಗೆಯನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಬೇಸ್ ಮಾಡೆಲ್ ತಂದರೆ ನೆಂಟರು ಏನೆಂದಾರು ಎಂಬ ಸಂಕೋಚದಿಂದ ಕೆಳಗಿನ ಎರಡನ್ನು ಬಿಟ್ಟೆ. ಟಾಪ್ ಎಂಡ್ ತಂದರೆ ದುಂದುಗಾರನೆಂದು ನನಗೇ ಅನ್ನಿಸೀತೆಂದು ಮೇಲಿನದನ್ನು ಬಿಟ್ಟೆ. ಉಳಿದ ಎರಡರಲ್ಲಿ ಎಸ್‌ಎಕ್ಸ್ ನೋಡಲು ಚೆನ್ನಾಗಿತ್ತು. ಮನೆಗೆ ಬೇಕಾದ ಫ್ಯಾನನ್ನೂ ಮೂರು ಅಂಗಡಿ ಸುತ್ತಿ ಕೊಳ್ಳುವ ನಾನು ಹದಿನಾಲ್ಕೂವರೆ ಲಕ್ಷದ ವಸ್ತುವನ್ನು ಇಷ್ಟು ಸಡಿಲವಾದ ತರ್ಕದಿಂದ ಕೊಂಡೆನೆಂಬುದು ಈಗ ನೆನೆದರೆ ನಗೆ ತರಿಸುತ್ತದೆ.

ಪಟ್ಟಿಯಲ್ಲಿ ಕಾಣುವ ವ್ಯತ್ಯಾಸವೇ ಕೈಯಿಂದ ಹೋಗುವ ವ್ಯತ್ಯಾಸವೆಂದು ಭಾವಿಸಿದ್ದು ಮೊದಲ ತಪ್ಪು. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ ಬೆಲೆಗೆ ತಕ್ಕಂತೆ ಏರುತ್ತದೆ. 5ರಿಂದ 10 ಲಕ್ಷದವರೆಗಿನ ಗಾಡಿಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದರಾಚೆಗೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್ ಕೂಡುವುದರಿಂದ ನಡುವಿನ ದರ ಸುಮಾರು ಶೇ 19ರ ಹತ್ತಿರಕ್ಕೆ ಬರುತ್ತದೆ. ಈ ದರವು ಗೆರೆ ದಾಟಿದ ಭಾಗಕ್ಕಷ್ಟೇ ಅನ್ವಯಿಸದೆ ಇಡೀ ಬೆಲೆಗೆ ಬೀಳುತ್ತದೆ. ಹಾಗಾಗಿ 9.99 ಲಕ್ಷದ ಗಾಡಿಗೂ 10.05 ಲಕ್ಷದ ಗಾಡಿಗೂ ಬೆಲೆಯಲ್ಲಿ ಆರು ಸಾವಿರದ ಅಂತರವಿದ್ದರೆ, ತೆರಿಗೆಯಲ್ಲಿ ಮೂವತ್ತನಾಲ್ಕು ಸಾವಿರಕ್ಕೂ ಮಿಕ್ಕಿದ ಅಂತರ ಬೀಳುತ್ತದೆ. ಇ ವೇರಿಯಂಟಿನ ಬೆಲೆ 9.99ಕ್ಕೆ ನಿಂತದ್ದರ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ. ಆ ಬಳಿಕ ಜಿಎಸ್‌ಟಿಯೂ ಬೆಲೆಗಳೂ ಬದಲಾಗಿವೆ. ಆದರೆ 10 ಮತ್ತು 20 ಲಕ್ಷದ ಆಸುಪಾಸಿನಲ್ಲಿ ವೇರಿಯಂಟ್ ನೋಡುತ್ತಿರುವವರು ಮೊದಲು ಲೆಕ್ಕ ಹಾಕಬೇಕಾದದ್ದು ಇದನ್ನೇ.

ನನ್ನ ಗಾಡಿಗೆ ಅದೇ ಲೆಕ್ಕ ಹಾಕಿದರೆ, ಎಸ್‌ನಿಂದ ಎಸ್‌ಎಕ್ಸ್‌ಗೆ ಏರಲು ಪಟ್ಟಿಯಲ್ಲಿ 1.74 ಲಕ್ಷ, ತೆರಿಗೆ ಸೇರಿ ಸುಮಾರು 2.07 ಲಕ್ಷ ತೆತ್ತೆ. ಎಸ್‌ಎಕ್ಸ್‌ನಿಂದ ಎಸ್‌ಎಕ್ಸ್ (ಒ)ಗೆ ಏರಲು ಪಟ್ಟಿಯಲ್ಲಿ 1.28 ಲಕ್ಷ, ತೆರಿಗೆ ಸೇರಿ ಸುಮಾರು 1.52 ಲಕ್ಷ ಬೇಕಾಗುತ್ತಿತ್ತು, ಅದನ್ನು ಉಳಿಸಿದೆ. ತೆತ್ತ ಹಣಕ್ಕೆ ಮುಖ್ಯವಾಗಿ ಬಂದದ್ದು ಛಾವಣಿಯುದ್ದದ ಸನ್‌ರೂಫ್, 17 ಇಂಚಿನ ಅಲಾಯ್ ಚಕ್ರಗಳು ಮತ್ತು ಒಳಹೊರಗಿನ ಒಂದಿಷ್ಟು ಶೃಂಗಾರ. ಉಳಿಸಿದ ಹಣದೊಂದಿಗೆ ಕಳೆದುಕೊಂಡದ್ದು, ಗಾಳಿಯಾಡುವ ಮುಂದಿನ ಸೀಟುಗಳ ಜೊತೆಗೆ, ನಾಲ್ಕು ಏರ್‌ಬ್ಯಾಗ್‌ಗಳು. ಆಗ ಆರು ಏರ್‌ಬ್ಯಾಗ್‌ಗಳಿದ್ದದ್ದು ಮೇಲಿನ ಮೆಟ್ಟಿಲಿನಲ್ಲಿ ಮಾತ್ರ. ಉಳಿದೆಲ್ಲಕ್ಕೂ ಎರಡೇ, ಅವೆರಡೂ ಮುಂದೆ ಕೂತವರಿಗೆ. ಹತ್ತು ವರ್ಷ ಇಟ್ಟುಕೊಳ್ಳುವ ಗಾಡಿಯೆಂದೇ ಕೊಂಡಿದ್ದೆ. ಹತ್ತು ವರ್ಷಕ್ಕೆ ಹಂಚಿದರೆ ಆ 1.52 ಲಕ್ಷವು ತಿಂಗಳಿಗೆ ಸುಮಾರು 1,270 ರೂಪಾಯಿಯಾಗುತ್ತದೆ. ಈ ಭಾಗಾಕಾರವನ್ನು ಶೋರೂಮಿನಲ್ಲಿ ಕೂತಿದ್ದಾಗ ಮಾಡಲಿಲ್ಲ.

ಸನ್‌ರೂಫಿನ ಮೇಲೆ ನನಗೆ ದ್ವೇಷವೇನಿಲ್ಲ. ಮೊದಲ ಆರು ತಿಂಗಳು, ಆಗ ಒಂಬತ್ತು ವರ್ಷದವನಾಗಿದ್ದ ಮಗನಿಗೆ ಅದೊಂದು ಹಬ್ಬವಾಗಿತ್ತು. ಕುಶಾಲನಗರ ದಾಟಿ ಕಾಫಿ ತೋಟಗಳು ಶುರುವಾದೊಡನೆ ಮೇಲಿನ ಪರದೆ ಸರಿಯಬೇಕು, ಮರಗಳು ತಲೆಯ ಮೇಲೆ ಓಡಬೇಕು. ಆಮೇಲೆ ಅವನ ಕಣ್ಣು ಫೋನಿನತ್ತ ಹೋಯಿತು. ಮಾರ್ಚ್‌ನಿಂದ ಮೇ ತನಕ ಮೈಸೂರಿನ ಬಿಸಿಲಿಗೆ ಪರದೆ ಮುಚ್ಚಿಯೇ ಇರುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಡಿಕೇರಿಯ ಮಳೆಗೆ ಗಾಜು ತೆರೆಯುವ ಮಾತೇ ಇಲ್ಲ. ಕಳೆದ ವರ್ಷ ಅದನ್ನು ಎಷ್ಟು ಬಾರಿ ತೆರೆದೆವೆಂದು ಹೆಂಡತಿಯನ್ನು ಕೇಳಿದ್ದಕ್ಕೆ, ತೊಳೆಯುವಾಗ ತೆರೆದದ್ದನ್ನೂ ಸೇರಿಸಬೇಕೇ ಎಂದು ಆಕೆ ತಿರುಗಿ ಕೇಳಿದಳು. ನಮ್ಮ ಮನೆಯ ಮುಂದಿನ ಮಳೆಮರ ಉದುರಿಸುವ ಸಣ್ಣ ಎಲೆಗಳು ಸನ್‌ರೂಫಿನ ಅಂಚಿನ ಕಾಲುವೆಯಲ್ಲಿ ಸೇರಿಕೊಳ್ಳುವುದರಿಂದ, ಮಳೆಗಾಲಕ್ಕೆ ಮುಂಚೆ ನೀರಿಳಿಯುವ ತೂತುಗಳನ್ನು ನೋಡಿ ಶುಚಿ ಮಾಡುವ ಒಂದು ಕೆಲಸ ಮಾತ್ರ ಪ್ರತಿವರ್ಷ ತಪ್ಪದೆ ಬರುತ್ತದೆ.

ಚಕ್ರಗಳ ವಿಷಯದಲ್ಲಿ ಜನ ಹೇಳುವುದನ್ನು ಪೂರ್ತಿ ಒಪ್ಪಲಾರೆ. ದೊಡ್ಡ ಚಕ್ರವಾದರೆ ಕುಲುಕಾಟ ಹೆಚ್ಚು, ಹಳ್ಳಕ್ಕೆ ಬಿದ್ದರೆ ಟೈರ್ ಸೀಳುತ್ತದೆ ಎಂಬ ಮಾತು ಸಾಮಾನ್ಯವಾಗಿ ನಿಜ. ಈ ಗಾಡಿಯಲ್ಲಿ ಅಷ್ಟಾಗಿ ಅಲ್ಲ. ಕೆಳಗಿನ ವೇರಿಯಂಟುಗಳ ಟೈರ್ ಅಳತೆ 205/65 ಆರ್16, ನನ್ನದು 215/60 ಆರ್17. ಎರಡನೆಯ ಸಂಖ್ಯೆ ಟೈರಿನ ಅಗಲಕ್ಕೆ ಪಕ್ಕದ ಗೋಡೆಯ ಎತ್ತರ ಶೇಕಡಾ ಎಷ್ಟೆಂಬುದನ್ನು ಹೇಳುತ್ತದೆ. ಲೆಕ್ಕ ಮಾಡಿದರೆ ಮೊದಲನೆಯದರ ಗೋಡೆ ಸುಮಾರು 133 ಮಿಲಿಮೀಟರ್, ಎರಡನೆಯದರದು 129. ನಾಲ್ಕು ಮಿಲಿಮೀಟರಿನ ಅಂತರ ನನ್ನ ಸೊಂಟಕ್ಕಂತೂ ತಿಳಿಯಲಿಲ್ಲ, ಜೇಬಿಗೆ ತಿಳಿಯಿತು. 48 ಸಾವಿರ ಕಿಲೋಮೀಟರಿಗೆ ನಾಲ್ಕೂ ಟೈರ್ ಬದಲಿಸಿದಾಗ 41 ಸಾವಿರ ರೂಪಾಯಿ ಬಿತ್ತು, ಅದೇ ಅಂಗಡಿಯಲ್ಲಿ 16 ಇಂಚಿನವಕ್ಕೆ ಕೇಳಿದರೆ ಹತ್ತು ಸಾವಿರದಷ್ಟು ಕಡಿಮೆ ಹೇಳಿದರು. ಹತ್ತು ವರ್ಷದ ಬಾಳಿಕೆಯಲ್ಲಿ ಇದು ಎರಡು ಬಾರಿಯಾದರೂ ಮರುಕಳಿಸುವ ಖರ್ಚು. ವೇರಿಯಂಟಿನ ಬೆಲೆಯನ್ನು ಒಮ್ಮೆ ಕೊಟ್ಟು ಮುಗಿಸುತ್ತೇವೆಂದು ತಿಳಿಯುವವರು ಟೈರ್ ಅಂಗಡಿಗೊಮ್ಮೆ ಹೋಗಿಬರುವುದು ಒಳ್ಳೆಯದು.

ಏರ್‌ಬ್ಯಾಗ್‌ಗಳ ಮಾತಿಗೆ ಬರುತ್ತೇನೆ. 2022ರ ಜುಲೈಯಲ್ಲಿ, ಮಡಿಕೇರಿಯಿಂದ ಸಂಪಾಜೆಯತ್ತ ಇಳಿಯುವ ತಿರುವೊಂದರಲ್ಲಿ, ಎದುರಿನಿಂದ ಬಂದ ಸಣ್ಣ ಸರಕು ವಾಹನವೊಂದು ಜಾರಿ ನಮ್ಮ ಬಲಗಡೆಯ ಹಿಂಬಾಗಿಲಿಗೆ ತಾಕಿತು. ವೇಗ ಕಡಿಮೆಯಿತ್ತು, ಯಾರಿಗೂ ಏನೂ ಆಗಲಿಲ್ಲ; ಬಾಗಿಲು ಒಳಕ್ಕೆ ತಗ್ಗಿತು, ವಿಮೆಯಲ್ಲಿ ದುರಸ್ತಿಯಾಯಿತು. ಆದರೆ ಆ ಬಾಗಿಲಿಗೆ ಒರಗಿ ಕೂತಿದ್ದವರು ನನ್ನ ಅತ್ತೆ. ಅವರ ತಲೆಗೂ ಕಿಟಕಿಯ ಗಾಜಿಗೂ ನಡುವೆ ಇಳಿಯಬಹುದಾಗಿದ್ದ ಕರ್ಟನ್ ಏರ್‌ಬ್ಯಾಗನ್ನು ನಾನು ಬೇಡವೆಂದು ಬಿಟ್ಟು, ಅದಕ್ಕಿಂತ ಹೆಚ್ಚಿನ ಹಣವನ್ನು ಅವರ ತಲೆಯ ಮೇಲಿನ ಗಾಜಿಗೆ ಕೊಟ್ಟಿದ್ದೆ. ಅಷ್ಟು ಮೆಲ್ಲನೆಯ ತಾಕಿಗೆ ಆ ಏರ್‌ಬ್ಯಾಗ್ ತೆರೆದುಕೊಳ್ಳುತ್ತಲೇ ಇರಲಿಲ್ಲವೆಂಬುದು ಬುದ್ಧಿಗೆ ಗೊತ್ತು. ಆ ರಾತ್ರಿ ಸುಳ್ಯದಲ್ಲಿ ನಿದ್ದೆ ಬಾರದಿದ್ದದ್ದಕ್ಕೆ ಬುದ್ಧಿಯ ಸಮಾಧಾನ ಸಾಲಲಿಲ್ಲ.

ಬೇಕೆನಿಸಿದಾಗ ಹಾಕಿಸಿಕೊಳ್ಳಲು ಇದು ಸೀಟಿನ ಕವರಲ್ಲ. ಕರ್ಟನ್ ಏರ್‌ಬ್ಯಾಗ್ ಛಾವಣಿಯ ಅಂಚಿನ ಒಳಗೆ ಮಡಿಸಿಕೊಂಡಿರುತ್ತದೆ, ಪಕ್ಕದ ಏರ್‌ಬ್ಯಾಗ್ ಸೀಟಿನ ಬೆನ್ನಿನೊಳಗಿರುತ್ತದೆ. ಡಿಕ್ಕಿಯನ್ನು ಗ್ರಹಿಸುವ ಸೆನ್ಸರುಗಳು, ಕ್ಷಣಾರ್ಧದಲ್ಲಿ ತೀರ್ಮಾನಿಸುವ ಘಟಕ, ಅವುಗಳ ನಡುವಿನ ವೈರಿಂಗ್ ಎಲ್ಲವೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಹೊಂದಿಕೊಂಡು ಬರಬೇಕು. ಹಾಗೆಂದು ಆರು ಏರ್‌ಬ್ಯಾಗ್ ಇದ್ದರೆ ಎಲ್ಲವೂ ಸುರಕ್ಷಿತವೆಂದೂ ಅಲ್ಲ. 2022ರ ಏಪ್ರಿಲ್‌ನಲ್ಲಿ ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಎರಡು ಏರ್‌ಬ್ಯಾಗಿನ ಕ್ರೆಟಾವನ್ನು ಮುಂಭಾಗದ ಡಿಕ್ಕಿಗೆ ಒಡ್ಡಿ ಐದರಲ್ಲಿ ಮೂರು ನಕ್ಷತ್ರ ಕೊಟ್ಟಿತ್ತು. ಮುಂಭಾಗದ ಡಿಕ್ಕಿಯಲ್ಲಿ ಲೆಕ್ಕಕ್ಕೆ ಬರುವುದು ಗಾಡಿಯ ಚೌಕಟ್ಟು, ಮುಂದಿನ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್. ಪಕ್ಕದ ಏರ್‌ಬ್ಯಾಗ್‌ಗಳ ಕೆಲಸ ಬೇರೆ. ಮುಂದೆ 2023ರ ಫೆಬ್ರುವರಿಯಲ್ಲಿ ಇದೇ ಗಾಡಿಯ ಎಲ್ಲ ವೇರಿಯಂಟುಗಳಿಗೂ ಆರು ಏರ್‌ಬ್ಯಾಗ್‌ಗಳು ಬಂದವು. ನಾನು ಕೊಂಡಾಗ ಟಾಪ್ ಎಂಡಿನ ಐಷಾರಾಮವಾಗಿದ್ದದ್ದು ಬೇಸ್ ಮಾಡೆಲಿನ ಪಾಲಾಯಿತು. ನನ್ನ ಗಾಡಿಯಲ್ಲಿ ಎರಡೇ ಉಳಿದವು.

ಗೇರಿನದೂ ಇಂಥದೇ ಕತೆ, ಆದರೆ ಅಲ್ಲಿ ತಪ್ಪಿದ್ದು ಗಾಡಿಯ ಲೆಕ್ಕವಲ್ಲ, ನನ್ನ ವಯಸ್ಸಿನ ಲೆಕ್ಕ. ಆಗ ಎಸ್‌ಎಕ್ಸ್ ಡೀಸೆಲ್ ಆಟೊಮ್ಯಾಟಿಕ್‌ಗೆ 15.99 ಲಕ್ಷ, ಅಂದರೆ ಮ್ಯಾನುಯಲ್‌ಗಿಂತ 1.48 ಲಕ್ಷ ಹೆಚ್ಚು. ನಲವತ್ತಾರರಲ್ಲಿ ಕ್ಲಚ್ ತುಳಿಯುವುದು ಯಾರಿಗೂ ಕಷ್ಟವಲ್ಲ. ಐವತ್ತೊಂದರಲ್ಲಿ, ಹುಣಸೂರು ರಸ್ತೆಯ ಸಂಜೆಯ ದಟ್ಟಣೆಯಲ್ಲಿ, ಎಡ ಮಂಡಿ ತನ್ನ ಅಸ್ತಿತ್ವವನ್ನು ನೆನಪಿಸತೊಡಗಿದೆ. ಗಾಡಿಗೆ ಹತ್ತು ವರ್ಷವಾಗುವಾಗ ನನಗೂ ಹತ್ತು ವರ್ಷವಾಗುತ್ತದೆಂಬ ಸಾದಾ ಸಂಗತಿ ಆಗ ಹೊಳೆಯಲಿಲ್ಲ. ಚಾಲಕನ ಸೀಟಿನ ಎತ್ತರ ಹೊಂದಿಸುವ ಹಿಡಿಕೆ, ಸ್ಟೀರಿಂಗ್ ಹತ್ತಿರ ತರುವ ಸೌಲಭ್ಯ, ಹಿಂದಿನ ಗಾಜಿನ ಮಂಜು ಕರಗಿಸುವ ಡಿಫಾಗರ್, ನಡುವಿನ ಸೀಟಿಗೂ ಹೆಗಲು ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ಇವನ್ನು ಯಾವ ಮಾರಾಟಗಾರನೂ ಬಾಯಿಬಿಟ್ಟು ಹೊಗಳುವುದಿಲ್ಲ. ಪುಸ್ತಿಕೆಯ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ನಾವೇ ಹುಡುಕಬೇಕು. ಮಡಿಕೇರಿಯ ಮಂಜಿನಲ್ಲಿ ನಿತ್ಯ ಕೈಗೆ ಬರುವುದು ಇವೇ.

ಇದಕ್ಕೆ ಎದುರಾಗಿ, ಹೊರಗೆ ಹಾಕಿಸಿಕೊಳ್ಳಬಹುದಾದವಕ್ಕೇ ವೇರಿಯಂಟಿನ ಏಣಿಯಲ್ಲಿ ಅತಿ ಹೆಚ್ಚು ಬೆಲೆ. 2021ರಲ್ಲಿ ಬಂದ ಎಸ್‌ಎಕ್ಸ್ ಎಕ್ಸಿಕ್ಯೂಟಿವ್ ಎಂಬ ಅವತಾರದಲ್ಲಿ ಟಚ್‌ಸ್ಕ್ರೀನ್ ಮತ್ತು ಇನ್ನೊಂದಿಷ್ಟನ್ನು ತೆಗೆದು ಸುಮಾರು 78 ಸಾವಿರ ರೂಪಾಯಿ ಇಳಿಸಿದ್ದರು. ಅಂದರೆ ಪರದೆಯೊಂದಕ್ಕೆ ನಾವು ತೆರುತ್ತಿದ್ದ ಬೆಲೆಯ ಅಂದಾಜು ಅಲ್ಲೇ ಸಿಕ್ಕಂತಾಯಿತು. ಗಾಡಿಯಲ್ಲಿ ಎಲ್ಲಕ್ಕಿಂತ ಬೇಗ ಹಳತಾಗುವುದೂ ಈ ಪರದೆಯೇ. ಐದು ವರ್ಷದಲ್ಲಿ ನಾನು ಎರಡು ಫೋನ್ ಬದಲಿಸಿದೆ, ಗಾಡಿಯ ಪರದೆ 2020ರಲ್ಲೇ ನಿಂತಿದೆ. ಹಿಂದಿನ ಕ್ಯಾಮೆರಾ, ಸ್ಪೀಕರ್, ಸೀಟಿನ ಹೊದಿಕೆ, ಅಲಾಯ್ ಚಕ್ರ ಎಲ್ಲವನ್ನೂ ಹೊರಗೆ ಹಾಕಿಸಬಹುದು; ವೈರ್ ಕತ್ತರಿಸದೆ ಕಪ್ಲರ್ ಎಂಬ ಸಿದ್ಧ ಜೋಡಣೆಯ ಮೂಲಕವೇ ಜೋಡಿಸಬೇಕೆಂಬುದೊಂದು ಎಚ್ಚರಿಕೆ, ಇಲ್ಲವಾದರೆ ವಾರಂಟಿಯ ತಕರಾರು ಬರುತ್ತದೆ.

ಮಾರುವಾಗ ಮೇಲಿನ ವೇರಿಯಂಟಿಗೆ ಹೆಚ್ಚು ಬೆಲೆ ಸಿಗುತ್ತದೆಂಬ ಸಮಾಧಾನವೂ ವರ್ಷ ಕಳೆದಂತೆ ಸವೆಯುತ್ತದೆ. ವಿಮೆಯ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದ ಗಾಡಿಯ ಮೌಲ್ಯದಿಂದ ಶೇ 50 ಕಳೆಯುತ್ತಾರೆ. ಅಲ್ಲಿಗೆ ಎಸ್‌ಎಕ್ಸ್ ಮತ್ತು ಎಸ್‌ಎಕ್ಸ್ (ಒ) ನಡುವಿನ 1.28 ಲಕ್ಷ ಕಾಗದದ ಮೇಲೆಯೇ 64 ಸಾವಿರಕ್ಕೆ ಇಳಿಯಿತು. ಕಳೆದ ವರ್ಷ ಕುತೂಹಲಕ್ಕೆಂದು ನನ್ನ ಗಾಡಿಗೂ ಅದೇ ವರ್ಷದ ಗೆಳೆಯನ ಎಸ್‌ಎಕ್ಸ್ (ಒ)ಗೂ ಬೆಲೆ ಕಟ್ಟಿಸಿದಾಗ ಅಂತರ ನಲವತ್ತು ಸಾವಿರವೂ ಇರಲಿಲ್ಲ. ಬಳಸಿದ ಗಾಡಿ ಕೊಳ್ಳುವವರು ಓಡಿದ ದೂರ, ಸರ್ವಿಸ್ ದಾಖಲೆ, ಎಷ್ಟನೆಯ ಮಾಲೀಕ ಎಂಬುದನ್ನು ನೋಡುತ್ತಾರೆ. ಮೂರು ವರ್ಷಕ್ಕೆ ಮಾರುವವನಿಗೆ ವೇರಿಯಂಟ್ ಒಂದು ಬಂಡವಾಳವಾದೀತು. ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಅದು ತೀರಿಹೋದ ಖರ್ಚು, ಬಳಸಿದ್ದಷ್ಟೇ ಲಾಭ.

ಹಾಗಾಗಿ 2020ರ ಆ ಏಣಿಯ ಬಗ್ಗೆ ನನ್ನ ಈಗಿನ ತೀರ್ಪು ಹೀಗಿದೆ: ಎಸ್‌ಗೆ ನಿಂತು ಹಣ ಉಳಿಸುವುದು ಸರಿಯಾಗುತ್ತಿತ್ತು, ಎಸ್‌ಎಕ್ಸ್ (ಒ) ತನಕ ಹೋಗಿ ಏರ್‌ಬ್ಯಾಗ್ ಪಡೆಯುವುದು ಇನ್ನೂ ಸರಿಯಾಗುತ್ತಿತ್ತು, ನಾನು ನಿಂತ ಜಾಗವೊಂದೇ ಎರಡಕ್ಕೂ ಸಲ್ಲದ್ದು. ಆದರೆ ಇಂದು ಕೊಳ್ಳುವವರಿಗೆ ಇದೇ ತೀರ್ಪು ಒಪ್ಪುವುದಿಲ್ಲ. ಆರು ಏರ್‌ಬ್ಯಾಗ್ ಎಲ್ಲಕ್ಕೂ ಬಂದ ಮೇಲೆ ಕೆಳಗಿನ ವೇರಿಯಂಟುಗಳ ಮರ್ಯಾದೆ ಹೆಚ್ಚಿದೆ. 2024ರ ಜನವರಿಯ ಹೊಸ ರೂಪದಲ್ಲಿ ಮೇಲಿನ ವೇರಿಯಂಟುಗಳಿಗೆ ಆಮಿಷವಾಗಿ ನಿಂತಿರುವುದು ಎಡಿಎಎಸ್, ಅಂದರೆ ಕ್ಯಾಮೆರಾ ಮತ್ತು ರೇಡಾರ್ ನೆರವಿನಿಂದ ತಾನೇ ಬ್ರೇಕ್ ಹಾಕುವ, ಲೇನ್ ಹಿಡಿದು ಓಡುವ ವ್ಯವಸ್ಥೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಾರವಾರ ಓಡಾಡುವವರಿಗೆ ತಾನೇ ಬೀಳುವ ಬ್ರೇಕ್ ಬೆಲೆಯುಳ್ಳದ್ದೆಂದು ಒಪ್ಪುತ್ತೇನೆ. ರಸ್ತೆಯ ಬಿಳಿಗೆರೆಯೇ ಅಳಿಸಿಹೋಗಿರುವ ಘಾಟಿಯಲ್ಲಿ ಲೇನ್ ಹಿಡಿಯುವ ಯಂತ್ರಕ್ಕೆ ಹಿಡಿಯಲು ಏನೂ ಇಲ್ಲ, ಮುಂದಿನ ಗಾಜು ಒಡೆದರೆ ಹೊಸ ಗಾಜಿನೊಂದಿಗೆ ಆ ಕ್ಯಾಮೆರಾವನ್ನೂ ಮತ್ತೆ ಹೊಂದಿಸಬೇಕು.

2024ರ ಮಧ್ಯದಲ್ಲಿ ನನ್ನ ಭಾವ ಇದೇ ಗಾಡಿಯನ್ನು ಕೊಳ್ಳಲು ಹೊರಟಾಗ ಪುಸ್ತಿಕೆ ಹಿಡಿದು ನಮ್ಮ ಮನೆಗೇ ಬಂದರು. ಅಡಿಕೆ ಕೃಷಿಕರು, ಐವತ್ತೆಂಟು ವಯಸ್ಸು, ಹದಿಮೂರು ವರ್ಷ ಹಳೆಯ ಗಾಡಿಯಿಂದ ಇಳಿಯುತ್ತಿರುವವರು. ಇಬ್ಬರೂ ಕೂತು, ಆಮೇಲೆ ಹಾಕಿಸಲಾಗದವನ್ನು ಮಾತ್ರ ಪೆನ್ಸಿಲಿನಲ್ಲಿ ಗುರುತಿಸಿದೆವು. ಅವರಿಗೆ ಡೀಸೆಲ್ ಬೇಕಿತ್ತು, ಮಂಡಿಯ ದೆಸೆಯಿಂದ ಆಟೊಮ್ಯಾಟಿಕ್ ಬೇಕಿತ್ತು, ಏರ್‌ಬ್ಯಾಗ್ ಆರು ಇರಬೇಕಿತ್ತು, ಮಿಕ್ಕದ್ದು ಯಾವುದೂ ಬೇಡವಾಗಿತ್ತು. ಆಗ ಡೀಸೆಲ್ ಮತ್ತು ಆಟೊಮ್ಯಾಟಿಕ್ ಜೋಡಿ ಸಿಗುತ್ತಿದ್ದ ಅತಿ ಕೆಳಗಿನ ಮೆಟ್ಟಿಲು ಎಸ್ (ಒ). ಬುಕ್ ಮಾಡಿ ಬಂದ ಮೇಲೆ ಪುಸ್ತಿಕೆಯನ್ನು ಮತ್ತೊಮ್ಮೆ ತಿರುವಿ, “ಭಾವ, ಇದಕ್ಕೂ ಸನ್‌ರೂಫ್ ಉಂಟಲ್ಲ ಮಾರಾಯ್ರೆ” ಎಂದರು. ಮಳೆಗಾಲಕ್ಕೆ ಮುಂಚೆ ತೂತು ಶುಚಿ ಮಾಡುವ ಬಗೆಯನ್ನು ಅವರಿಗೆ ತೋರಿಸಿಕೊಟ್ಟಿದ್ದೇನೆ.