ಕೊನೆಯ ತಿಂಗಳುಗಳ ಆರೈಕೆ: ಮನೆ, ಹಾಸ್ಪೈಸ್, ದುಡ್ಡು ಕೊಟ್ಟು ಸೇರಿಸುವ ಕೇಂದ್ರ – ನಾವು ಕಂಡ ವ್ಯತ್ಯಾಸ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅತ್ತೆಗೆ ಮೂರು ಬಗೆಯ ಆರೈಕೆ ಸಿಕ್ಕಿತು. ಅದರಲ್ಲಿ ನನ್ನ ಮತ ಮನೆಗೇ ಬಂದು ನೋಡುವ ಉಪಶಮನ ಆರೈಕೆ (ಕಾಯಿಲೆ ವಾಸಿಯಾಗದಿದ್ದರೂ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ತಂಡಕ್ಕೆ. ಬೆಂಗಳೂರಿನ ಉಚಿತ ಹಾಸ್ಪೈಸ್, ಅಂದರೆ ಕೊನೆಯ ಹಂತದ ರೋಗಿಗಳನ್ನು ಇಟ್ಟುಕೊಂಡು ನೋಡುವ ಜಾಗ, ಅದರ ಹಿಂದೆಯೇ ಬರುತ್ತದೆ. ದಿನದ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡ ಖಾಸಗಿ ಕೇಂದ್ರ ತುಂಬಾ ಹಿಂದೆ. ಈಗ ಕೋಲಾರದಲ್ಲಿ ನಮಗೆ ಗೊತ್ತಿರುವವರ ಮನೆಯಲ್ಲಿ ಯಾರಿಗಾದರೂ ‘ಇನ್ನು ಕೀಮೋ ಬೇಡ’ ಎಂದು ಡಾಕ್ಟರ್ ಹೇಳಿದರೆ ನನಗೆ ಫೋನ್ ಬರುತ್ತದೆ. ಎಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆಗೆ ಸ್ತನ ಕ್ಯಾನ್ಸರ್. ಬೆನ್ನುಮೂಳೆಗೂ ಹಬ್ಬಿತ್ತು. ವಾಸಿ ಮಾಡುವ ಚಿಕಿತ್ಸೆ ಮುಗಿದ ಮೇಲೆ ಉಳಿದದ್ದು ನೋವು. ಹಗಲು ಹೇಗೋ ತಡೆದುಕೊಳ್ಳುತ್ತಿದ್ದರು. ರಾತ್ರಿ ಆಗುತ್ತಿರಲಿಲ್ಲ. ಹಾಗಾಗಿ ರೂಮು ಎಷ್ಟು ದೊಡ್ಡದು, ಟಿವಿ ಇದೆಯಾ, ಕ್ಯಾಂಟೀನ್ ಹೇಗಿದೆ ಎನ್ನುವುದನ್ನು ನಾನು ಬರೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಏನಾಗುತ್ತದೆ? ನಾನು ಅಳೆಯುವುದು ಅದರಿಂದಲೇ.

ಮೊದಲು ಸೇರಿಸಿದ್ದು ಖಾಸಗಿ ಕೇಂದ್ರಕ್ಕೆ. ಬೆಂಗಳೂರು ಹೆದ್ದಾರಿ ಕಡೆ ಇತ್ತು. ನಮ್ಮ ಊರು ವೇಮಗಲ್ ಹತ್ತಿರ. ನಮ್ಮ ಯಜಮಾನರು ಸಂಜೆ ಡೈರಿಗೆ ಹಾಲು ಹಾಕಿ ಬೈಕಿನಲ್ಲಿ ಹೋಗಿ ಬರುವಷ್ಟು ದೂರ. ನೆಲ ಥಳಥಳ ಅನ್ನುತ್ತಿತ್ತು. ಆಯಾ ಒಳ್ಳೆಯವರು. ದಿನಕ್ಕೆ 2,500 ರೂಪಾಯಿ, ಡಯಾಪರ್ ಮತ್ತು ಔಷಧಿ ಬೇರೆ. ‘ನೋವಿಗೆ ಮಾರ್ಫಿನ್ ಇದೆಯಾ?’ ಎಂದು ನಾನು ಸೇರಿಸುವಾಗಲೇ ಕೇಳಿದ್ದೆ. ಮಾರ್ಫಿನ್ ಅಂದರೆ ಅಫೀಮಿನಿಂದ ಮಾಡುವ ಬಲವಾದ ನೋವಿನ ಔಷಧಿ. ‘ಇದೆ’ ಎಂದರು. ಇದ್ದದ್ದೂ ನಿಜ.

ಆದರೆ ಅದು ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಡಾಕ್ಟರ್ ಹತ್ತಿರ. ಡಾಕ್ಟರ್ ಸಂಜೆ ಏಳಕ್ಕೆ ಮನೆಗೆ ಹೊರಡುತ್ತಿದ್ದರು.

ಇದು ಗೊತ್ತಾಗಿದ್ದು ಅತ್ತೆಯ ಕಾಟಿನ ಕೆಳಗೆ ನೇತುಹಾಕಿದ್ದ ಚಾರ್ಟ್ ನೋಡಿದಾಗ. ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ಈ ನಾಲ್ಕು ಕಡೆ ಸಹಿ ಇತ್ತು. ಆಮೇಲೆ ಮರುದಿನ ಬೆಳಗಿನ ತನಕ ಖಾಲಿ. ಬಾಯಿಂದ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಆರು ಗಂಟೆಯ ಮಾತ್ರೆ ಹತ್ತಕ್ಕೆ ಮುಗಿಯಿತು ಅಂದುಕೊಳ್ಳಿ. ಅಲ್ಲಿಂದ ಬೆಳಗಿನ ಆರರವರೆಗೆ ಅವರು ನೋವು ತಿನ್ನಬೇಕು. ರಾತ್ರಿ ಸಿಸ್ಟರ್‌ಗೆ ಹೇಳಿದರೆ ಪ್ಯಾರಾಸಿಟಮಾಲ್ ಡ್ರಿಪ್ ಹಾಕುತ್ತಿದ್ದರು. ಆ ಹುಡುಗಿಯ ತಪ್ಪಲ್ಲ. ಅವಳ ಕೈಗೆ ಅಷ್ಟೇ ಕೊಟ್ಟಿದ್ದರು. ‘ಬೆಳಗ್ಗೆ ಡಾಕ್ಟರ್ ಬರ್ತಾರೆ ಅಮ್ಮಾ, ಸ್ವಲ್ಪ ತಡ್ಕೊಳ್ಳಿ’ ಎಂದು ಅವಳೂ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನಮ್ಮ ಯಜಮಾನರು ಮ್ಯಾನೇಜರ್ ಹತ್ತಿರ ಹೋದರು. ‘ಅದು ಕಾನೂನು ಸರ್, ನಾವೇನೂ ಮಾಡೋಕಾಗಲ್ಲ’ ಎಂದರು. ಅದಕ್ಕೇ ಈ ಕಾನೂನಿನ ವಿಷಯ ನಾಲ್ಕು ಮಾತು ಬರೆಯುತ್ತೇನೆ. 1985ರಲ್ಲಿ ಬಂದ ಮಾದಕ ವಸ್ತುಗಳ ಕಾಯ್ದೆಯಿಂದ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸ್ ಬೇಕಾದವು. ರಗಳೆ ಬೇಡ ಎಂದು ಎಷ್ಟೋ ಆಸ್ಪತ್ರೆಗಳು, ಮೆಡಿಕಲ್ ಶಾಪ್‌ಗಳು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿದರು. ಈಗ ಮಾನ್ಯತೆ ಪಡೆದ ಆರೋಗ್ಯ ಸಂಸ್ಥೆಗೆ ಅಷ್ಟೊಂದು ಲೈಸೆನ್ಸ್‌ಗಳ ಹಿಂದೆ ಅಲೆಯುವ ಕೆಲಸ ಇಲ್ಲ. ಲೆಕ್ಕದ ರಿಜಿಸ್ಟರ್ ಬೇಕು, ಬೀಗವೂ ಬೇಕು. ಅದು ಸರಿಯೇ. ಆದರೆ ಬೀಗದ ಕೈ ರಾತ್ರಿ ಊರು ಬಿಟ್ಟು ಹೋಗಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ರಾತ್ರಿಯ ಜವಾಬ್ದಾರಿ ಯಾರಿಗಾದರೂ ವಹಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರೆ ಆಯಿತು. ಹಾಸ್ಪೈಸ್‌ನಲ್ಲಿ ಹಾಗೇ ಮಾಡುತ್ತಿದ್ದುದನ್ನು ಆಮೇಲೆ ಕಣ್ಣಾರೆ ನೋಡಿದೆವು.

ಇದಕ್ಕೆ ಇನ್ನೊಂದು ಸುಲಭದ ದಾರಿಯೂ ಇತ್ತು. ಡಾಕ್ಟರ್ ಹೊರಡುವ ಮುಂಚೆ ರಾತ್ರಿ ಹತ್ತರ ಮಾತ್ರೆಯನ್ನು ಸಿಸ್ಟರ್ ಕೈಗೆ ಒಪ್ಪಿಸಿ, ಅದನ್ನು ಡಬಲ್ ಕೊಡಿಸಿದರೆ ಮಧ್ಯರಾತ್ರಿ ಎರಡರದನ್ನು ಬಿಡಬಹುದು, ರೋಗಿ ನಿದ್ದೆ ಮಾಡಬಹುದು. ಉಪಶಮನ ಆರೈಕೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕ್ರಮ. ನೋವಿನ ಔಷಧಿ ಬಾಯಿಂದ, ಗಡಿಯಾರ ನೋಡಿ, ಮೆಟ್ಟಿಲು ಮೆಟ್ಟಿಲಾಗಿ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1986ರಲ್ಲಿ. ರಾತ್ರಿಯ ಮಾತ್ರೆ ಕೇಳಿದರೆ ಆ ಕೇಂದ್ರದಲ್ಲಿ ‘ನೋವು ಬಂದಾಗ ಕೊಡ್ತೀವಿ’ ಎನ್ನುತ್ತಿದ್ದರು. ನೋವು ಬಂದ ಮೇಲೆ ಕೊಟ್ಟರೆ ಅದು ಇಳಿಯುವ ತನಕ ಕಾಯಬೇಕಲ್ವಾ? ಅತ್ತೆ ಸಂಜೆ ಆಗುತ್ತಿದ್ದ ಹಾಗೆ ಮಾತು ನಿಲ್ಲಿಸಿಬಿಡುತ್ತಿದ್ದರು. ಕತ್ತಲಾಗುವುದಕ್ಕೆ ಹೆದರುತ್ತಿದ್ದರು. ಒಬ್ಬ ಮನುಷ್ಯಳನ್ನು ಆ ಸ್ಥಿತಿಗೆ ತರುವ ಜಾಗವನ್ನು, ಅದರ ನೆಲ ಎಷ್ಟೇ ಸ್ವಚ್ಛ ಇರಲಿ, ನಾನು ಆರೈಕೆ ಕೇಂದ್ರ ಅನ್ನಲಾರೆ.

ಅಲ್ಲಿಂದ ಹೊರಟು ಹಾಸ್ಪೈಸ್‌ಗೆ ಹೋದೆವು. ಬೆಂಗಳೂರಿನಲ್ಲಿ ಈ ಕೆಲಸ ಹಳೆಯದು. ಮಾರತಹಳ್ಳಿ ಕಡೆ ಇರುವ ಕರುಣಾಶ್ರಯದ ಹೆಸರು ಕೋಲಾರದವರು ಜಾಸ್ತಿ ಕೇಳಿರುತ್ತೀರಿ. ಅದರ ಟ್ರಸ್ಟ್ ಶುರುವಾಗಿದ್ದು 1994ರಲ್ಲಿ. ಕ್ಯಾನ್ಸರ್ ಕೊನೆಯ ಹಂತದಲ್ಲಿ ಇರುವವರನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತದೆ. ನಾವು ಇದ್ದದ್ದು ಅಂಥದ್ದೇ ಇನ್ನೊಂದು ಕಡೆ.

ವ್ಯತ್ಯಾಸ ಮೊದಲ ಗಂಟೆಯಲ್ಲೇ ಗೊತ್ತಾಯಿತು. ಸಿಸ್ಟರ್ ಸ್ಟೂಲ್ ಎಳೆದುಕೊಂಡು ಕೂತರು. ‘ಎಕ್ಕಡ ನೊಪ್ಪಿ ಅಮ್ಮಾ?’ (ಎಲ್ಲಿ ನೋವು ಅಮ್ಮಾ?) ಎಂದು ತೆಲುಗಿನಲ್ಲೇ ಕೇಳಿದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಹೊರಗೆ ಕನ್ನಡ ಮಾತಾಡಿದರೂ ನೋವು ಹೇಳಿಕೊಳ್ಳುವುದು ತೆಲುಗಿನಲ್ಲಿ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು, ನಿಮಗೆ ಈಗ ಎಷ್ಟು ಎಂದು ಕೇಳಿದರು. ಅತ್ತೆ ಸ್ಕೂಲಿಗೆ ಹೋದವರಲ್ಲ. ‘ರೂಪಾಯಿಗೆ ಮುಕ್ಕಾಲು’ ಎಂದರು. ಸಿಸ್ಟರ್ ನಗುತ್ತಾ ಅದನ್ನೇ ಬರೆದುಕೊಂಡರು. ಮಾತ್ರೆ ಕೊಟ್ಟು ಒಂದು ಗಂಟೆಯ ಮೇಲೆ ಬಂದು ಮತ್ತೆ ಕೇಳಿದರು, ‘ಈಗ ಎಷ್ಟಾಣೆ?’ ಕೊಟ್ಟ ಮೇಲೆ ತಿರುಗಿ ಬಂದು ಕೇಳುತ್ತಾರಾ? ನಿಮ್ಮವರನ್ನು ಎಲ್ಲೇ ಸೇರಿಸಿ, ಇದನ್ನು ಗಮನಿಸಿ.

ಮಾರ್ಫಿನ್ ಜೊತೆಗೆ ಮೊದಲ ದಿನದಿಂದಲೇ ಹೊಟ್ಟೆ ಸಡಿಲ ಆಗುವ ಔಷಧಿಯನ್ನೂ ಬರೆದರು. ಮಾರ್ಫಿನ್ ತಗೊಂಡರೆ ಮಲಬದ್ಧತೆ ಬಂದೇ ಬರುತ್ತದೆ. ಆ ಖಾಸಗಿ ಕೇಂದ್ರದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಅತ್ತೆ ಊಟ ಬಿಟ್ಟಿದ್ದಕ್ಕೆ ಅರ್ಧ ಕಾರಣ ಅದೇ ಆಗಿತ್ತು. ಬೆನ್ನಿನ ಒಂದು ಜಾಗದಲ್ಲಿ ನೋವು ಜಾಸ್ತಿ ಇದ್ದದ್ದಕ್ಕೆ ಒಂದೇ ಸಲದ ರೇಡಿಯೇಷನ್ ಕೊಡಿಸಿ ಎಂದು ಸಲಹೆ ಕೊಟ್ಟದ್ದೂ ಹಾಸ್ಪೈಸ್ ಡಾಕ್ಟರೇ. ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವಿಗೆ ಒಂದೇ ಸಲ ಕೊಡುವ ರೇಡಿಯೇಷನ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದಂತೆ. ಅತ್ತೆಗೆ ಮಾಡಿತು. ಎರಡು ವಾರ ಕಳೆಯುವಷ್ಟರಲ್ಲಿ ಮಗ್ಗುಲಾಗುವಾಗ ಕಿರುಚುವುದು ನಿಂತಿತ್ತು.

ಹಾಗಾದರೆ ಹಾಸ್ಪೈಸ್ ಯಾಕೆ ಮೊದಲ ಸ್ಥಾನದಲ್ಲಿ ಇಲ್ಲ? ದೂರ, ಅಷ್ಟೇ. ಬೆಂಗಳೂರು ಇಲ್ಲಿಂದ ಹತ್ತಿರ ಹತ್ತಿರ 70 ಕಿಲೋಮೀಟರ್. ಹೊಸಕೋಟೆ ದಾಟಿದ ಮೇಲೆ ಟ್ರಾಫಿಕ್ ಬೇರೆ. ನಮ್ಮದು ಹಸು ಕಟ್ಟಿರುವ ಮನೆ. ಬೆಳಗ್ಗೆ ಸಂಜೆ ಹಾಲು ಕರೆಯಲೇಬೇಕು. ಮನೆಯವರು ಒಬ್ಬರು ರೋಗಿ ಜೊತೆ ಇದ್ದರೆ ಒಳ್ಳೆಯದು ಎನ್ನುತ್ತಾರೆ. ನಾನು ಅಲ್ಲಿದ್ದರೆ ಇಲ್ಲಿ ಕೊಟ್ಟಿಗೆ ಕೆಡುತ್ತದೆ. ಅತ್ತೆಗೂ ಅವರ ಜಗಲಿ ಬೇಕಿತ್ತು. ನೋವು ಹಿಡಿತಕ್ಕೆ ಬಂದ ಮೇಲೆ ಅವರೇ ‘ಮನೆಗೆ ಕರ್ಕೊಂಡು ಹೋಗಿ’ ಎಂದರು. ಇನ್ನೊಂದು ಮಾತು. ನಾವು ವಿಚಾರಿಸಿದ ಉಚಿತ ಹಾಸ್ಪೈಸ್‌ಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ರೋಗಿಗಳಿಗೆ ಮಾತ್ರ. ಲಕ್ವ ಹೊಡೆದವರು, ಕಿಡ್ನಿ ಹೋದವರು, ಮರೆವಿನ ಕಾಯಿಲೆಯವರು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಮನೆಗೆ ಬರುತ್ತಿದ್ದ ತಂಡದಲ್ಲಿ ಒಬ್ಬರು ಸಿಸ್ಟರ್, ಒಬ್ಬರು ಸಮಾಜ ಕಾರ್ಯಕರ್ತರು, ಕೆಲವೊಮ್ಮೆ ಡಾಕ್ಟರ್. ವಾರಕ್ಕೊಮ್ಮೆ ಬರುತ್ತಿದ್ದರು. ಬಂದಾಗ ಮಾಡಿದ್ದಕ್ಕಿಂತ ನಮಗೆ ಕಲಿಸಿದ್ದು ದೊಡ್ಡದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯಾ ಎಂದು ದಿನಾ ನೋಡುವುದು. ಬಾಯಿ ಒಣಗದ ಹಾಗೆ ಒದ್ದೆ ಬಟ್ಟೆಯಿಂದ ಒರೆಸುವುದು. ಎದೆಯ ಗಾಯದಿಂದ ವಾಸನೆ ಬರತೊಡಗಿದಾಗ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುವುದನ್ನು ತೋರಿಸಿದರು. ವಾಸನೆ ಹೋಯಿತು. ಅದಾದ ಮೇಲೆ ಮೊಮ್ಮಕ್ಕಳು ಮತ್ತೆ ಅಜ್ಜಿಯ ಪಕ್ಕ ಕೂತರು. ಅತ್ತೆಗೆ ಇದಕ್ಕಿಂತ ದೊಡ್ಡ ಔಷಧಿ ಯಾವುದೂ ಇರಲಿಲ್ಲ.

ಮಾರ್ಫಿನ್ ನಮ್ಮ ಕೈಯಲ್ಲೇ ಇತ್ತು. ಹೊತ್ತು ಹೊತ್ತಿಗೆ ಕೊಡುವುದು ಬೇರೆ, ನಡುವೆ ನೋವು ಬಂದರೆ ಕೊಡುವ ಹೆಚ್ಚುವರಿ ಮಾತ್ರೆ ಬೇರೆ. ಎರಡಕ್ಕೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಹೆಚ್ಚುವರಿ ಎಷ್ಟು ಸಲ ಬೇಕಾಯಿತು ಎಂದು ನಾನು ಗುರುತು ಹಾಕಬೇಕು. ಅದನ್ನು ನೋಡಿ ಡಾಕ್ಟರ್ ಪ್ರಮಾಣ ಏರಿಸುತ್ತಿದ್ದರು. ‘ಅಭ್ಯಾಸ ಆಗಿಬಿಡುತ್ತೆ’, ‘ಬೇಗ ಹೋಗಿಬಿಡ್ತಾರೆ’ ಎಂದು ಹೆದರಿಸುವವರು ಊರಲ್ಲಿ ಬೇಕಾದಷ್ಟು ಜನ. ನೋವಿಗೆ ತಕ್ಕಷ್ಟು ಕೊಟ್ಟರೆ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ. ಮೊದಲು ಕೆಲವು ದಿನ ಮಂಪರು ಇರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಅತ್ತೆ ಬೆಳಗ್ಗೆ ಎದ್ದು ಡೈರಿ ಲೆಕ್ಕ ಕೇಳುತ್ತಿದ್ದರು.

ರಾತ್ರಿ ಫೋನ್ ಎತ್ತುತ್ತಿದ್ದರು. ನನಗೆ ಇದಕ್ಕಿಂತ ಜಾಸ್ತಿ ಬೇಕಿರಲಿಲ್ಲ.

ಮನೆಯಲ್ಲೂ ಕಷ್ಟ ಇತ್ತು. ಕರೆಂಟ್ ಹೋದರೆ ಬೆನ್ನು ಹುಣ್ಣಾಗದಿರಲಿ ಎಂದು ಹಾಕಿದ್ದ ಏರ್ ಬೆಡ್ (ಗಾಳಿ ಹಾಸಿಗೆ) ಇಳಿಯುತ್ತದೆ. ಎದ್ದು ಮಗ್ಗುಲು ಬದಲಿಸುತ್ತಾ ಕೂರಬೇಕು. ಅದಕ್ಕಿಂತ ಕಷ್ಟ ನೆಂಟರದ್ದು. ಕೊನೆಯ ವಾರ ಅತ್ತೆ ಊಟ ಬಿಟ್ಟರು, ನೀರೂ ಎರಡು ಗುಟುಕು. ಬಂದವರೆಲ್ಲ ‘ಒಂದು ಗ್ಲೂಕೋಸ್ ಬಾಟ್ಲಿ ಹಾಕ್ಸಲ್ವಾ? ಹಸಿದು ಹೋಗ್ಬೇಕಾ?’ ಎಂದರು. ನಾದಿನಿ ಅಳುತ್ತಾ ಕೇಳಿದಳು. ಸೊಸೆಯಾಗಿ ನಾನು ಏನು ಹೇಳಿದರೂ ಬೇರೆ ಅರ್ಥ ಬರುತ್ತದೆ. ತಂಡದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬಂದು ಹಿರಿಯರನ್ನೆಲ್ಲ ಕೂರಿಸಿಕೊಂಡು ಹೇಳಿದರು. ಈ ಹಂತದಲ್ಲಿ ದೇಹಕ್ಕೆ ಅದು ಬೇಕಾಗಿಲ್ಲ, ಹಸಿವೂ ಇಲ್ಲ. ಡ್ರಿಪ್ ಹಾಕಿದರೆ ನೀರು ಕಾಲಿಗೆ, ಎದೆಗೆ ತುಂಬಿ ಉಸಿರಾಟಕ್ಕೆ ಕಷ್ಟ ಆಗಬಹುದು. ತುಟಿ ಒದ್ದೆ ಮಾಡಿ, ಪಕ್ಕದಲ್ಲಿ ಕೂತು ಮಾತಾಡಿ, ಅವರಿಗೆ ಕೇಳಿಸುತ್ತಿರಬಹುದು ಎಂದರು. ನಾದಿನಿ ಅವತ್ತಿಂದ ಚಮಚದಲ್ಲಿ ತುಟಿಗೆ ನೀರು ಮುಟ್ಟಿಸುವ ಕೆಲಸ ತಾನೇ ವಹಿಸಿಕೊಂಡಳು. ರೋಗಿಯ ಜೊತೆ ಮನೆಯವರನ್ನೂ ನೋಡಿಕೊಳ್ಳುವುದು ಈ ಆರೈಕೆಯ ಅರ್ಧ ಭಾಗ. ದುಡ್ಡು ಕೊಟ್ಟ ಕಡೆ ಇದು ಒಂದಿಷ್ಟೂ ಸಿಗಲಿಲ್ಲ.

ಖರ್ಚು: ಹಾಸ್ಪೈಸ್‌ನಲ್ಲಿ ಇಲ್ಲ. ಮನೆಗೆ ಬಂದ ತಂಡವೂ ಟ್ರಸ್ಟಿನದು, ಕೇಳಲಿಲ್ಲ. ಕಾಟು, ಏರ್ ಬೆಡ್ ಬಾಡಿಗೆ ಮತ್ತು ಡಯಾಪರ್ ನಮ್ಮದು.

ಊಟ: ಮನೆಯ ಮುದ್ದೆ, ಸಾರು. ಬೇರೆ ಮಾತೇ ಇಲ್ಲ.

ಈಗ ನನ್ನ ತೀರ್ಮಾನ. ಮನೆಯಲ್ಲಿ ಸರದಿ ಮೇಲೆ ರಾತ್ರಿ ಎದ್ದಿರಲು ಇಬ್ಬರು ಇದ್ದರೆ ಮನೆಗೆ ಬರುವ ತಂಡ ನೋಡಿಕೊಳ್ಳಿ. ಒಬ್ಬರೇ ಇದ್ದರೆ, ಅಥವಾ ನೋವು ಹಿಡಿತಕ್ಕೆ ಬರದಿದ್ದರೆ, ಯೋಚನೆ ಮಾಡದೆ ಹಾಸ್ಪೈಸ್‌ಗೆ ಹೋಗಿ. ಅಲ್ಲಿಗೆ ಸೇರಿಸಿದರೆ ಕೈಬಿಟ್ಟ ಹಾಗೆ ಅಲ್ಲ. ನಮ್ಮ ಹಾಗೆ ನೋವು ಕಡಿಮೆ ಮಾಡಿಸಿಕೊಂಡು ವಾಪಸ್ ಬರಬಹುದು. ಖಾಸಗಿ ಕೇಂದ್ರಕ್ಕೇ ಸೇರಿಸುವ ಪರಿಸ್ಥಿತಿ ಇದ್ದರೆ ಹಗಲು ಹೋಗಿ ನೋಡಿ ಬರಬೇಡಿ. ರಾತ್ರಿ ಒಂಬತ್ತರ ಮೇಲೆ ಹೋಗಿ. ಮಾರ್ಫಿನ್ ಬೀರುವಿನ ಬೀಗದ ಕೈ ಈಗ ಯಾರ ಹತ್ತಿರ ಇದೆ ಎಂದು ಡ್ಯೂಟಿ ಸಿಸ್ಟರನ್ನೇ ಕೇಳಿ. ನಿನ್ನೆ ರಾತ್ರಿಯ ಚಾರ್ಟ್ ಹೇಗೆ ತುಂಬಿದ್ದೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಅಲ್ಲಿ ಬೇಡ.

ಏನು ಮಾಡಬೇಕೆಂದು ಗೊತ್ತಾಗದಿದ್ದರೆ ಕಿದ್ವಾಯಿ ಆಸ್ಪತ್ರೆಯ ನೋವು ಮತ್ತು ಉಪಶಮನ ವಿಭಾಗದಲ್ಲಿ ಕೇಳಿ. ಊರಿನ ಆಶಾ ಕಾರ್ಯಕರ್ತೆಗೂ ಒಂದು ಮಾತು ಹಾಕಿ. ನಮಗೆ ತಂಡದ ನಂಬರ್ ಸಿಕ್ಕಿದ್ದು ಅವರಿಂದಲೇ. ಬಯಾಪ್ಸಿ ರಿಪೋರ್ಟ್, ಕೊನೆಯ ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ, ಆಧಾರ್ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲೇ ತೀರಿಕೊಂಡರೆ ಸಾವಿನ ಕಾರಣದ ಸರ್ಟಿಫಿಕೇಟ್ ಯಾರು ಬರೆದುಕೊಡುತ್ತಾರೆ ಎಂದು ತಂಡದ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಉಳಿದ ಮಾರ್ಫಿನ್ ಮಾತ್ರೆಗಳನ್ನು ಬೇರೆ ಯಾರಿಗೂ ಕೊಡಬೇಡಿ. ತಂಡದವರಿಗೇ ವಾಪಸ್ ಮಾಡಿ, ಅವರು ಎಣಿಸಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ.