ಬ್ಯಾಟರಿ ಕಾರು, ಪ್ಲಗ್-ಇನ್ ಹೈಬ್ರಿಡ್, ಪೆಟ್ರೋಲ್: ಯಾರಿಗೆ ಯಾವುದು?

2024ರಲ್ಲಿ ಜಗತ್ತಿನಾದ್ಯಂತ ಮಾರಾಟವಾದ ಹೊಸ ಕಾರುಗಳಲ್ಲಿ ಶೇ. 20ಕ್ಕಿಂತ ಹೆಚ್ಚು ಪ್ಲಗ್ ಹಾಕಿ ಚಾರ್ಜ್ ಮಾಡುವಂಥವು. ಆದರೂ ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದು. ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲವಿದ್ದು ದಿನನಿತ್ಯದ ಓಡಾಟವೂ ಹೆಚ್ಚಿದ್ದರೆ, ಬ್ಯಾಟರಿ ಕಾರಿಗೆ ಮೊದಲು ತೆತ್ತ ಹೆಚ್ಚಿನ ಬೆಲೆಯನ್ನು ಅದರ ಕಡಿಮೆ ಚಾಲನಾ ವೆಚ್ಚ ಕ್ರಮೇಣ ಸರಿದೂಗಿಸಬಲ್ಲದು. ಎಂಜಿನ್ ಆಯಿಲ್ ಬದಲಿಸುವ ಗೋಜಿಲ್ಲ, ವೇಗ ತಗ್ಗಿಸುವಾಗ ಶಕ್ತಿಯ ಒಂದು ಪಾಲು ಬ್ಯಾಟರಿಗೇ ಮರಳುತ್ತದೆ. ಬಾಳಿಕೆಯ ಕುರಿತ ಅಂಜಿಕೆ ಅತಿಯಾಯಿತೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಲವು ತಯಾರಕರು ಬ್ಯಾಟರಿಗೆ 8 ವರ್ಷಗಳ ವಾರಂಟಿ ಕೊಡುತ್ತಾರೆ. ಕಡುಚಳಿಯಲ್ಲಿ ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ, ಕುಗ್ಗುವುದು ಮಾತ್ರ ನಿಜ. ಚಾರ್ಜಿಂಗ್ ಕೇಂದ್ರಗಳು ವಿರಳವಾಗಿರುವ ದೂರದ ದಾರಿಗಳಲ್ಲಿ ಪೆಟ್ರೋಲ್ ಕಾರೇ ಇನ್ನೂ ಸಲೀಸು. ಎಂಜಿನ್ ಮತ್ತು ಮೋಟಾರು ಎರಡನ್ನೂ ಹೊತ್ತ ಪ್ಲಗ್-ಇನ್ ಹೈಬ್ರಿಡ್, ತಪ್ಪದೆ ಚಾರ್ಜ್ ಮಾಡಿ ಆಗಾಗ ದೂರಪ್ರಯಾಣವನ್ನೂ ಮಾಡುವವರಿಗೆ ಒಪ್ಪುತ್ತದೆ.