ಬೆನ್ನಿನ ಬ್ಯಾಗು ಇಳಿಸಿ ಕ್ಯಾರಿಯರ್‌ಗೆ ಹಾಕಿ: ಬೇಸಿಗೆಯಲ್ಲಿ ಸೈಕಲ್ ತುಳಿದು ಆಫೀಸಿಗೆ ಹೋಗುವವರ ಸಾಮಾನು

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ರೂಢಿಯಿದೆ. ಸೈಕಲ್ ಮೇಲೆ ಹೋಗಿ ಬರುವ ನೌಕರರಿಗೆ ಇದರಲ್ಲಿ ಅರ್ಧ ಅನುಕೂಲ, ಅರ್ಧ ಕಷ್ಟ. ಹೋಗುವಾಗ ತಂಪು ಹೊತ್ತು. ಬರುವಾಗ ಮಾತ್ರ ನೆತ್ತಿ ಸುಡುವ ಬಿಸಿಲು, ಕೆಳಗಿನಿಂದ ಡಾಂಬರಿನ ಝಳ. ಈ ಹೊತ್ತಿನಲ್ಲಿ ಐದಾರು ಕಿಲೋಮೀಟರ್ ತುಳಿಯಲೇಬೇಕಾದವರು ಮೊದಲ ದುಡ್ಡನ್ನು ಯಾವುದಕ್ಕೆ ಹಾಕಬೇಕು? ಅಂಗಡಿಯವರು ತೋಳಿನ ಸ್ಲೀವ್, ಕೂಲಿಂಗ್ ಟವೆಲ್, ಜರ್ಸಿ ಅಂತೆಲ್ಲ ತೋರಿಸುತ್ತಾರೆ. ಅವೆಲ್ಲ ಆಮೇಲೆ. ಮೊದಲು ಬೇಕಾದದ್ದು ಹಿಂಬದಿಗೆ ಗಟ್ಟಿಯಾದ ಒಂದು ಕ್ಯಾರಿಯರ್, ಅದರ ಪಕ್ಕಕ್ಕೆ ತೂಗುವ ಒಂದು ಬ್ಯಾಗು.

ಕಾರಣ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 2,400 ಕಿಲೋಜೌಲ್ ಶಾಖ ಹೊರಟುಹೋಗುತ್ತದೆ. ಗಾಳಿಯ ಉಷ್ಣಾಂಶ ಚರ್ಮದ ಉಷ್ಣಾಂಶವನ್ನು, ಅಂದರೆ ಸುಮಾರು 35 ಡಿಗ್ರಿಯನ್ನು, ದಾಟಿದ ಮೇಲೆ ಬರೀ ಗಾಳಿ ಬೀಸಿದರೆ ಮೈ ತಣಿಯುವುದಿಲ್ಲ, ಇನ್ನಷ್ಟು ಕಾಯುತ್ತದೆ. ಆಗ ಉಳಿಯುವ ದಾರಿ ಬೆವರು ಆರುವುದೊಂದೇ. ಬೆನ್ನು ದೇಹದ ದೊಡ್ಡ ಬಯಲು. ಅದರ ಮೇಲೆ ನಾಲ್ಕೈದು ಕೆ.ಜಿ. ಬ್ಯಾಗು ಒತ್ತಿ ಕೂತರೆ ಅಲ್ಲಿನ ಬೆವರು ಆವಿಯಾಗದೆ ಹರಿದು ಸೊಂಟಕ್ಕೆ ಇಳಿಯುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ.

ಬಯಲುಸೀಮೆಯಲ್ಲಿ ಈ ನಷ್ಟ ಇನ್ನೂ ದೊಡ್ಡದು. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ. 20 ಇದ್ದರೆ, ಒದ್ದೆ ಬಟ್ಟೆಯೊಂದು ಗಾಳಿಯಲ್ಲಿ ಸುಮಾರು 23 ಡಿಗ್ರಿವರೆಗೆ ತಣಿಯಬಲ್ಲದು. ಮಂಗಳೂರಿನಲ್ಲಿ 34 ಡಿಗ್ರಿ, ತೇವಾಂಶ ಶೇ. 70 ಇದ್ದ ದಿನ ಅದೇ ಬಟ್ಟೆ 29 ಡಿಗ್ರಿಗಿಂತ ಕೆಳಗಿಳಿಯದು. ಅಂದರೆ ಒಣ ಬಿಸಿಲಿನ ಊರಿನಲ್ಲಿ ಬೆವರಿಗೆ ಗಾಳಿ ತಾಗುವಂತೆ ಬಿಟ್ಟರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬೆನ್ನಿಗೆ ಜಾಳಿಗೆ ಇರುವ, ‘ಗಾಳಿಯಾಡುವ’ ಬ್ಯಾಕ್‌ಪ್ಯಾಕ್‌ಗಳು ಸ್ವಲ್ಪ ವಾಸಿ. ಆದರೆ ಸವಾರನ ಬೆನ್ನಿಗೆ ಎದುರುಗಾಳಿ ನೇರವಾಗಿ ತಾಗುವುದೇ ಕಡಿಮೆ, ಜೊತೆಗೆ ಭುಜ ಮತ್ತು ಎದೆಯ ಪಟ್ಟಿಗಳು ಅಲ್ಲೇ ಇರುತ್ತವೆ. ಬೇಸಿಗೆಗೆಂದು ಅದಕ್ಕೆ ಹೆಚ್ಚು ಹಣ ಕೊಡುವುದು ದಂಡ.

ಇನ್ನು ಕ್ಯಾರಿಯರ್. ನಮ್ಮ ಹಳೆಯ ಕರಿ ಸೈಕಲ್‌ಗಳಿಗೆ ಕಬ್ಬಿಣದ ಕ್ಯಾರಿಯರ್ ಇದ್ದೇ ಇರುತ್ತದೆ. ಹಿಂದಿನ ಅಚ್ಚಿನ ನಟ್ಟಿಗೆ ಕಾಲು ಕೂರಿಸಿ, ಮೇಲೆ ಸೀಟಿನ ಕೆಳಗೆ ಬಿಗಿದಿರುತ್ತದೆ. ಭಾರ ಹೊರುವುದರಲ್ಲಿ ಅದನ್ನು ಮೀರಿಸಿದ್ದು ಇಲ್ಲ, ಬಾಗಿದರೆ ಯಾವ ಸೈಕಲ್ ಅಂಗಡಿಯಲ್ಲಾದರೂ ನೇರ ಮಾಡಿಕೊಡುತ್ತಾರೆ. ತೊಂದರೆ ಒಂದೇ: ಅದರ ಪಟ್ಟಿ ಅಗಲ, ಹೊಸ ಬ್ಯಾಗುಗಳ ಹುಕ್ಕು ಅದಕ್ಕೆ ಕೂರುವುದಿಲ್ಲ. ಗೇರ್ ಸೈಕಲ್‌ಗೆ ಬರುವುದು ಅಲ್ಯೂಮಿನಿಯಂ ಕ್ಯಾರಿಯರ್. ಕೊಳವೆ ಸಾಮಾನ್ಯವಾಗಿ 10 ಮಿ.ಮೀ. ದಪ್ಪ, ಭಾರದ ಮಿತಿ ಬಹುತೇಕ 25 ಕೆ.ಜಿ. ಅಂತ ಪಟ್ಟಿಯ ಮೇಲೇ ಒತ್ತಿರುತ್ತದೆ. ಒತ್ತಿರದಿದ್ದರೆ ಕೊಳ್ಳಬೇಡಿ. ಸಾವಿರದಿಂದ ಎರಡೂವರೆ ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ. ಮೂರನೆಯದು ಸೀಟಿನ ಕಂಬವನ್ನು ಮಾತ್ರ ಕಚ್ಚಿ ಹಿಡಿಯುವ ಕ್ಯಾರಿಯರ್. ಎರಡು ನಿಮಿಷದಲ್ಲಿ ಕೂರುತ್ತದೆ ಎಂದು ಜನ ಇದನ್ನೇ ಹೆಚ್ಚು ಕೊಳ್ಳುತ್ತಾರೆ. ಇದನ್ನು ಬೇಡ ಅಂತಲೇ ಹೇಳಬೇಕು. ಮಿತಿ ಹತ್ತು ಕೆ.ಜಿ.ಯ ಆಸುಪಾಸು, ಹಳ್ಳ ದಿಣ್ಣೆಯಲ್ಲಿ ಪಕ್ಕಕ್ಕೆ ತಿರುಗುತ್ತದೆ. ಚಕ್ರದ ಪಕ್ಕದಲ್ಲಿ ಕಾಲು ಇಲ್ಲದ್ದರಿಂದ ತೂಗುಬಿಟ್ಟ ಬ್ಯಾಗು ನೇರ ಸ್ಪೋಕ್‌ಗೆ ಹೋಗುತ್ತದೆ. ಓಡುವ ಹಿಂದಿನ ಚಕ್ರಕ್ಕೆ ಬ್ಯಾಗಿನ ಪಟ್ಟಿ ಸಿಕ್ಕರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಾರ್ಬನ್ ಕಂಬದ ಸೈಕಲ್‌ಗಂತೂ ಇದನ್ನು ಹಾಕಲೇಬಾರದು.

ಅಲ್ಯೂಮಿನಿಯಂ ಕ್ಯಾರಿಯರ್ ಕೂರಿಸುವ ಕೆಲಸವನ್ನು ಅವಸರದಲ್ಲಿ ಮಾಡಿದರೆ ತಿಂಗಳೊಳಗೆ ಬೋಲ್ಟು ಮುರಿಯುತ್ತದೆ. ಫ್ರೇಮಿನಲ್ಲಿ ಹಿಂದಿನ ಅಚ್ಚಿನ ಮೇಲೆ ಎರಡು, ಸೀಟಿನ ಕೆಳಗಿನ ಕೊಳವೆಗಳಲ್ಲಿ ಎರಡು, ಹೀಗೆ ನಾಲ್ಕು ಮರೆಯಿರುವ, ಅಂದರೆ ಒಳಗೆ ತಿರುಪಿನ ಗೆರೆ ಇರುವ, ತೂತು ಇವೆಯೇ ನೋಡಿ. ಅಲ್ಲಿಗೆ ಬೇಕಾದದ್ದು ಎಂ5, ಅಂದರೆ 5 ಮಿ.ಮೀ. ದಪ್ಪದ ಬೋಲ್ಟು, 4 ಮಿ.ಮೀ. ಅಲೆನ್ ಕೀ. ನಾಲ್ಕನ್ನೂ ಮೊದಲು ಕೈಬೆರಳಿನಲ್ಲೇ ಅರ್ಧ ತಿರುಗಿಸಿ ಬಿಡಿ. ಕ್ಯಾರಿಯರ್‌ನ ಮೇಲ್ಪಟ್ಟಿ ನೆಲಕ್ಕೆ ಸಮವಾಗಿ ನಿಲ್ಲುವಂತೆ ಹೊಂದಿಸಿ. ನಂತರ ಕೆಳಗಿನ ಎರಡನ್ನು ಬಿಗಿದು, ಕೊನೆಗೆ ಮೇಲಿನದನ್ನು ಬಿಗಿಯಬೇಕು. ಬಿಗಿತ 5 ನ್ಯೂಟನ್ ಮೀಟರ್ ಇದ್ದರೆ ಸಾಕು, 7 ಸೆಂ.ಮೀ. ಉದ್ದದ ಕೀಯ ತುದಿಯ ಮೇಲೆ ಸುಮಾರು 7 ಕೆ.ಜಿ. ಒತ್ತಡ ಬಿದ್ದಷ್ಟು. ಅದಕ್ಕಿಂತ ಜೋರು ಮಾಡಿದರೆ ಅಲ್ಯೂಮಿನಿಯಂ ಫ್ರೇಮಿನ ಮರೆ ಕಿತ್ತು ಬರುತ್ತದೆ, ಅದನ್ನು ಸರಿಪಡಿಸುವುದು ದೊಡ್ಡ ಕೆಲಸ. ಮರೆಗೆ ಒಂದು ಹನಿ ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಕೆಂಪು ಬೇಡ, ಆಮೇಲೆ ಬಿಚ್ಚಲು ಬಾರದು.

ಹೆಚ್ಚು ಜನ ಎಡವುವುದು ಬಲಗಡೆಯ ಕೆಳಗಿನ ಬೋಲ್ಟಿನಲ್ಲಿ. ಅದು ಉದ್ದವಾಗಿದ್ದರೆ ಒಳಗೆ ಚಾಚಿ ಕೊನೆಯ ಹಲ್ಲುಚಕ್ರಕ್ಕೋ ಚೈನಿಗೋ ತಾಗುತ್ತದೆ. ಸ್ಟ್ಯಾಂಡ್ ಹಾಕಿ, ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು, ಪೆಡಲ್ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಕೇಳಿ. ಟಿಕ್ ಟಿಕ್ ಸದ್ದು ಬಂದರೆ ಬೋಲ್ಟು ಬದಲಿಸಿ, ಇಲ್ಲವೇ ಹೊರಗೆ ಒಂದು ವಾಷರ್ ಸೇರಿಸಿ. ಡಿಸ್ಕ್ ಬ್ರೇಕ್ ಇರುವ ಸೈಕಲ್‌ನಲ್ಲಿ ಕ್ಯಾರಿಯರ್‌ನ ಎಡಗಾಲು ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ಅಡ್ಡ ಬರುತ್ತದೆ. ಅಂಗಡಿಯವರು ಉದ್ದ ಬೋಲ್ಟಿಗೆ ಸ್ಪೇಸರ್ ತುಂಬಿ ದೂರ ತಳ್ಳಿಕೊಡುತ್ತಾರೆ. ಹಾಗೆ ಮಾಡಿದರೆ ಭಾರವೆಲ್ಲ ಬೋಲ್ಟನ್ನು ಬಗ್ಗಿಸುತ್ತದೆ, ಮುರಿಯುವುದೂ ಅಲ್ಲೇ. ಡಿಸ್ಕ್ ಸೈಕಲ್‌ಗೆಂದೇ ಕಾಲನ್ನು ಹೊರಕ್ಕೆ ಬಾಗಿಸಿದ ಕ್ಯಾರಿಯರ್ ಕೇಳಿ ತರಿಸಿ. ಫ್ರೇಮಿಗೆ ತೂತೇ ಇಲ್ಲದಿದ್ದರೆ ಕೊಳವೆಯನ್ನು ಸುತ್ತಿ ಹಿಡಿಯುವ, ರಬ್ಬರ್ ಒಳಪದರ ಇರುವ ಪಿ-ಕ್ಲಿಪ್ ಹಾಕಬಹುದು, ಆಗ ಹತ್ತು ಕೆ.ಜಿ. ಮೀರದಿರಲಿ. ಮೊದಲ ವಾರ ಮುಗಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿಯಿರಿ. ಎಂ5 ಬೋಲ್ಟು ಭಾರಕ್ಕೆ ಮುರಿಯುವುದು ಕಡಿಮೆ, ಸಡಿಲವಾಗಿ ಅಲುಗಾಡಿ ಮುರಿಯುವುದೇ ಹೆಚ್ಚು.

ಬ್ಯಾಗಿನಲ್ಲಿ ಆರ್ಟ್‌ಲೀಬ್‌ನಂಥ ಜರ್ಮನಿಯ ಬ್ಯಾಗು ಅತ್ಯುತ್ತಮ, ಅದರಲ್ಲಿ ಸಂಶಯವಿಲ್ಲ. ಆದರೆ ಅದರ ಬೆಲೆ ಕೇಳಿದರೆ ಅನೇಕರು ಆ ದುಡ್ಡಿಗೆ ಇನ್ನೊಂದು ಸೈಕಲ್ಲೇ ಬರುತ್ತದೆ ಅನ್ನುತ್ತಾರೆ. ಡೆಕತ್ಲಾನ್‌ನಂಥ ಅಂಗಡಿಗಳ ಸಾಧಾರಣ ಬ್ಯಾಗು ಆಫೀಸ್ ಓಡಾಟಕ್ಕೆ ಧಾರಾಳ ಸಾಕು. ನೋಡಬೇಕಾದದ್ದು ಹುಕ್ಕು. 10 ಮಿ.ಮೀ. ಕೊಳವೆಗೆ ಬಿಗಿಯಾಗಿ ಕೂರಲು ಹುಕ್ಕಿನೊಳಗೆ ಪ್ಲಾಸ್ಟಿಕ್ ತುಂಡು ಕೊಟ್ಟಿರುತ್ತಾರೆ, ಅದನ್ನು ಎಸೆಯಬೇಡಿ. ಅದಿಲ್ಲದಿದ್ದರೆ ಬ್ಯಾಗು ಕಟಕಟ ಅಂತ ಕುಣಿದು ಕ್ಯಾರಿಯರ್‌ನ ಬಣ್ಣ, ಆಮೇಲೆ ಲೋಹವನ್ನೇ ತಿನ್ನುತ್ತದೆ. ಕೆಳಗೊಂದು ಹಿಡಿಕೆ ಕ್ಯಾರಿಯರ್ ಕಾಲಿಗೆ ಸಿಕ್ಕಿಕೊಳ್ಳುವಂತಿರಲೇಬೇಕು.

ಕಬ್ಬಿಣದ ಕ್ಯಾರಿಯರ್ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ: ತಾಡಪತ್ರಿ ಹೊಲಿಯುವವರ ಬಳಿ ಕ್ಯಾನ್ವಾಸಿನ ಜೋಡು ಚೀಲ ಹೊಲಿಸುವುದು. ಒಂದೊಂದು ಚೀಲ 35 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ, 12 ಸೆಂ.ಮೀ. ಆಳ; ಪ್ರತಿಯೊಂದೂ ಹನ್ನೆರಡೂವರೆ ಲೀಟರ್ ಹಿಡಿಯುತ್ತದೆ. ನಡುವಿನ ಪಟ್ಟಿ ಕ್ಯಾರಿಯರ್‌ನ ಅಗಲಕ್ಕೆ ಸರಿಯಾಗಿರಲಿ. ಚಕ್ರದ ಕಡೆಯ ಗೋಡೆಯೊಳಗೆ 3 ಮಿ.ಮೀ. ಪ್ಲೈವುಡ್ ತುಂಡು ಸೇರಿಸಿ ಹೊಲಿಯಲು ಹೇಳಿ. ಅದಿದ್ದರೆ ಚೀಲ ತುಂಬಿ ಉಬ್ಬಿದರೂ ಸ್ಪೋಕ್‌ಗೆ ತಾಗದು. ಮುಂಭಾಗದ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿಸಿ, ಇಲ್ಲವಾದರೆ ತುಳಿಯುವಾಗ ಹಿಮ್ಮಡಿ ಬಡಿಯುತ್ತದೆ. ಪೆಡಲ್ ಹಿಂದಕ್ಕೆ ಬಂದಾಗ ಹಿಮ್ಮಡಿಗೂ ಚೀಲಕ್ಕೂ ಎರಡು ಬೆರಳು ಅಂತರ ಇರಲಿ. ರೆಕ್ಸಿನ್ ಮಾತ್ರ ಬೇಡ. ಕಾದು ಮೆತ್ತಗಾಗುತ್ತದೆ, ಎರಡನೇ ಬೇಸಿಗೆಗೆ ಮಡಿಕೆಯಲ್ಲಿ ಬಿರಿಯುತ್ತದೆ. ಬಣ್ಣ ತಿಳಿಯಿರಲಿ, ಅಂಗಡಿಯಲ್ಲಿ ಸಿಗುವುದೆಲ್ಲ ಕಪ್ಪೇ ಆಗಿರುವುದು ಬೇಸರದ ಸಂಗತಿ.

ಬಣ್ಣದ ಮಾತು ಚಂದಕ್ಕಲ್ಲ. ಆಪಲ್ ಕಂಪನಿ ತನ್ನ ಫೋನು, ಲ್ಯಾಪ್‌ಟಾಪ್‌ಗಳನ್ನು ಆರಿಸಿಟ್ಟಾಗಲೂ 45 ಡಿಗ್ರಿ ಮೀರಿದ ಜಾಗದಲ್ಲಿ ಇಡಬೇಡಿ ಅನ್ನುತ್ತದೆ. 40 ಡಿಗ್ರಿ ದಿನ ಕಪ್ಪು ಬ್ಯಾಗು ಬಿಸಿಲಿಗೆ ನಿಂತರೆ ಒಳಗೆ ಆ ಮಿತಿ ಬೇಗ ದಾಟುತ್ತದೆ. ಓಡುತ್ತಿರುವಾಗ ಗಾಳಿ ತಾಗುವುದರಿಂದ ಅಷ್ಟು ಭಯವಿಲ್ಲ, ನಿಲ್ಲಿಸಿದ ಮೇಲೆ ಬಿಟ್ಟು ಹೋಗಬಾರದು, ಪವರ್ ಬ್ಯಾಂಕನ್ನಂತೂ ಬಿಡಲೇಬಾರದು. ಲ್ಯಾಪ್‌ಟಾಪನ್ನು ಫೋಮ್ ಕವರಿನಲ್ಲಿ ಹಾಕಿ, ತಳಕ್ಕೆ ಮಡಿಚಿದ ಬಟ್ಟೆ ಇಟ್ಟು, ಅದರ ಮೇಲೆ ನಿಲ್ಲಿಸಿ. ಕ್ಯಾರಿಯರ್‌ಗೆ ಸ್ಪ್ರಿಂಗ್ ಇಲ್ಲ, ಪ್ರತಿ ಹಂಪ್‌ನ ಪೆಟ್ಟೂ ನೇರವಾಗಿ ಬ್ಯಾಗಿನ ತಳಕ್ಕೆ ಬರುತ್ತದೆ. ಊಟದ ಡಬ್ಬಿ ಇನ್ನೊಂದು ಚೀಲಕ್ಕೆ ಹೋಗಲಿ. ಒಂದೇ ಬ್ಯಾಗು ಇದ್ದರೆ ಎಡಕ್ಕೆ ಹಾಕಿ. ಹಿಂದಿನಿಂದ ಬರುವ ವಾಹನಗಳಿಂದ ದೂರ, ಚೈನಿನ ಎಣ್ಣೆಯಿಂದಲೂ ದೂರ. ಹಿಂದಿನ ರಿಫ್ಲೆಕ್ಟರ್ ಬ್ಯಾಗಿನ ಮರೆಗೆ ಹೋಗಿದ್ದರೆ ಅದನ್ನು ಕ್ಯಾರಿಯರ್‌ನ ಹಿಂತುದಿಗೆ ವರ್ಗಾಯಿಸಿ.

ಎಡಕ್ಕೆ ಭಾರ ಹಾಕಿದಾಗ ಸೈಡ್ ಸ್ಟ್ಯಾಂಡಿನದು ಒಂದು ಕಿರಿಕಿರಿ. ಮಧ್ಯಾಹ್ನದ ಮೆತ್ತಗಾದ ಡಾಂಬರಿನಲ್ಲಿ ಸ್ಟ್ಯಾಂಡಿನ ತುದಿ ಇಳಿದು ಸೈಕಲ್ ನಿಧಾನಕ್ಕೆ ಮಗುಚಿಕೊಳ್ಳುತ್ತದೆ. ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ, ಅಥವಾ ಡಬಲ್ ಸ್ಟ್ಯಾಂಡ್ ಹಾಕಿಸಿಕೊಳ್ಳಿ.

ಭಾರ ಹಿಂದಕ್ಕೆ ಹೋದ ಮೇಲೆ ಹಿಂದಿನ ಟೈರಿಗೆ ಮೊದಲಿಗಿಂತ 5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ಹಾಕಿ, ಟೈರಿನ ಪಕ್ಕದಲ್ಲಿ ಬರೆದ ಮಿತಿ ದಾಟಬೇಡಿ. ಬಿಸಿಲಿಗೆ ಟ್ಯೂಬು ಒಡೆಯುತ್ತದೆಂದು ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸುವ ಅಭ್ಯಾಸ ಇದೆ. ಲೆಕ್ಕ ಹಾಕಿ ನೋಡಿ: 25 ಡಿಗ್ರಿಯಲ್ಲಿ 60 ಪಿಎಸ್‌ಐ ತುಂಬಿಸಿದ ಟೈರು 50 ಡಿಗ್ರಿಗೆ ಕಾದರೆ ಒತ್ತಡ 66ರ ಆಸುಪಾಸಿಗೆ ಏರುತ್ತದೆ, ಅಷ್ಟೆ. ಒಳ್ಳೆಯ ಟೈರಿಗೆ ಅದು ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ನಿಜವಾಗಿ ಕೈಕೊಡುವುದು ಹಳೆಯ ಪ್ಯಾಚು. ಬಿಸಿಗೆ ಸೊಲ್ಯೂಷನ್ ಮೆತ್ತಗಾಗಿ ಅಂಚು ಏಳುತ್ತದೆ. ಮೂರು ನಾಲ್ಕು ಪ್ಯಾಚು ಬಿದ್ದಿರುವ ಟ್ಯೂಬನ್ನು ಮಾರ್ಚಿನಲ್ಲೇ ಬದಲಿಸಿಬಿಡಿ. ಗಾಳಿ ಕಡಿಮೆ ಇದ್ದರೆ ತುಳಿಯುವ ಶ್ರಮ ಹೆಚ್ಚು, ಶ್ರಮ ಹೆಚ್ಚಾದಷ್ಟೂ ಮೈ ಬಿಸಿ.

ಬಾಟಲಿಗೆ ಬಂದರೆ, ಎರಡು ಪದರದ ಸ್ಟೀಲಿನದನ್ನೇ ಕೊಳ್ಳಿ. ಮೊದಲು ದಪ್ಪ ನೋಡಿ: ಸೈಕಲ್ಲಿನ ಬಾಟಲಿ ಗೂಡಿಗೆ ಸುಮಾರು 73 ಮಿ.ಮೀ. ಅಡ್ಡಗಲದ್ದು ಕೂರುತ್ತದೆ, ಸಣ್ಣದಾದರೆ ಕುಣಿದು ಹಾರಿ ಬೀಳುತ್ತದೆ. ಮಜ್ಜಿಗೆಯನ್ನು ಅದರಲ್ಲಿ ತುಂಬಿ ಮಧ್ಯಾಹ್ನದವರೆಗೆ ಇಡಬೇಡಿ. ಹುಳಿತು ಗ್ಯಾಸ್ ಕಟ್ಟುತ್ತದೆ, ಮುಚ್ಚಳದ ರಬ್ಬರಿನ ವಾಸನೆಯೂ ಹೋಗದು. ಮನೆಗೆ ಬಂದು ಕುಡಿದರಾಯಿತು. ದಾರಿಗೆ ನೀರು, ಬೆವರು ಬಹಳ ಹೋಗುವವರಿಗೆ ಓಆರ್‌ಎಸ್, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು, ಒಂದು ಲೀಟರ್ ನೀರಿಗೆ 20.5 ಗ್ರಾಂ ಪೊಟ್ಟಣ. ಪೊಟ್ಟಣ ಸಿಗದಿದ್ದರೆ ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಇದನ್ನು ಕುಡಿಯಬೇಕು.

ಬಟ್ಟೆಗೆ ಹೆಚ್ಚು ಖರ್ಚು ಬೇಡ. ಬಯಲುಸೀಮೆಯಲ್ಲಿ ಸಡಿಲವಾದ, ತಿಳಿಬಣ್ಣದ, ತುಂಬುತೋಳಿನ ಹತ್ತಿ ಅಂಗಿಗೆ ಸಮನಾದದ್ದಿಲ್ಲ. ಹತ್ತಿ ಬೆವರು ಹಿಡಿದು ನಿಧಾನವಾಗಿ ಆರಿಸುತ್ತದೆ. ಕರಾವಳಿಯಲ್ಲಿ ಅದೇ ಅಂಗಿ ಒದ್ದೆಯಾಗಿಯೇ ಅಂಟಿಕೊಂಡಿರುತ್ತದೆ, ಅಲ್ಲಿ ತೆಳು ಪಾಲಿಯೆಸ್ಟರ್ ಜರ್ಸಿಯೇ ಸೈ, ಆಫೀಸಿನಲ್ಲಿ ಬದಲಿಸಲು ಇನ್ನೊಂದು ಅಂಗಿ ಚೀಲದಲ್ಲಿರಲಿ. ಹೆಲ್ಮೆಟ್ ಕೊಳ್ಳುವಾಗ ಹಣೆಯ ಮೇಲಿನ ತೂತುಗಳಿಂದ ಹಿಂದಿನವರೆಗೆ ಒಳಗೆ ಕಾಲುವೆ ಇದೆಯೇ ಎಂದು ಬೆರಳಿಟ್ಟು ನೋಡಿ. ಹೊರಗೆ ತೂತು ತೋರಿಸಿ ಒಳಗೆ ಫೋಮ್ ಮುಚ್ಚಿದ ಹೆಲ್ಮೆಟ್‌ಗಳು ಬೇಕಾದಷ್ಟಿವೆ. ಒಳಗೆ ತೆಳುವಾದ ಒದ್ದೆ ಕರವಸ್ತ್ರ ಕಟ್ಟಿದರೆ ಒಣ ಗಾಳಿಯಲ್ಲಿ ತಲೆ ತಂಪಾಗಿರುತ್ತದೆ.

ಯಾವ ಕ್ಯಾರಿಯರೂ ಬಿಸಿಲನ್ನು ಕಡಿಮೆ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಸದಾಗಿ ಶುರು ಮಾಡುವವರು ಮೇ ತಿಂಗಳಲ್ಲಿ ಶುರು ಮಾಡಬೇಡಿ. ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಸೈಕಲ್ ಮೇಲಿದ್ದಾಗ ಬಿಸಿಲಿನಲ್ಲೂ ಮೈ ಜುಂ ಎಂದು ಚಳಿ ಹಿಡಿದಂತಾದರೆ, ತಲೆ ತಿರುಗಿದರೆ, ವಾಕರಿಕೆ ಬಂದರೆ ತಕ್ಷಣ ನೆರಳಿಗೆ ಇಳಿಯಿರಿ, ಕತ್ತು ಮತ್ತು ಕಂಕುಳಿಗೆ ನೀರು ಸುರಿದುಕೊಳ್ಳಿ. ಜೊತೆಗಿರುವವರ ಮಾತು ತೊದಲಿದರೆ, ಗೊಂದಲವಾದರೆ ಕಾಯದೆ 108ಕ್ಕೆ ಫೋನ್ ಮಾಡಿ, ಗಾಡಿ ಬರುವತನಕ ನೀರು ಸುರಿಯುತ್ತ ಗಾಳಿ ಹಾಕುತ್ತಿರಿ.

ಎರಡು ಮೂರು ಕಿಲೋಮೀಟರ್ ಮಾತ್ರ ಹೋಗುವವರಿಗೆ, ಡಬ್ಬಿ ಮತ್ತು ನೀರು ಬಿಟ್ಟರೆ ಬೇರೆ ಸಾಮಾನು ಇಲ್ಲದವರಿಗೆ, ಹ್ಯಾಂಡಲ್ ಮುಂದಿನ ಬುಟ್ಟಿಯೇ ಸಾಕು. ಮೂರು ಕೆ.ಜಿ. ಮೀರಿದರೆ ಹ್ಯಾಂಡಲ್ ಎಳೆಯುತ್ತದೆ, ಅಷ್ಟು ನೆನಪಿರಲಿ. ಕ್ಯಾನ್ವಾಸ್ ಚೀಲ ಹೊಲಿಸಿದವರು ಮೇ ಕೊನೆಗೆ ಒಮ್ಮೆ ಅದನ್ನು ಬಿಚ್ಚಿ, ಬೆವರು ಧೂಳು ಹೋಗುವಂತೆ ತೊಳೆದು, ಚೆನ್ನಾಗಿ ಒಣಗಿಸಿ, ಹೊಲಿಗೆಯ ಮೇಲೆ ಮೇಣದ ಬತ್ತಿ ಉಜ್ಜಿ ಕರಗಿಸಿಡಿ. ಮೊದಲ ಮಳೆಯಲ್ಲಿ ನೀರು ಒಳಗೆ ಇಳಿಯುವುದು ಬಟ್ಟೆಗಿಂತ ಹೆಚ್ಚಾಗಿ ಸೂಜಿ ತೂತುಗಳ ಮೂಲಕ.